ದಾಳಿ ನಡೆದೇಹೋದ ಜಪಾನನ್ನು ಬರೆಯುವುದು ಹೇಗೆ: ಪರ್ಯಾಯ ಇತಿಹಾಸದ ಕಥೆಗಾರರಿಗೊಂದು ಕೈಪಿಡಿ

1945ರ ಆಗಸ್ಟ್ 15ರ ನಡುಹಗಲಿನಲ್ಲಿ ಶರಣಾಗತಿ ಸಾರಿದ ಜಪಾನಿನ ಚಕ್ರವರ್ತಿಯ ದನಿ ರೇಡಿಯೊದಲ್ಲಿ ಕೇಳಿಬರದೆ ಹೋಗಿದ್ದರೆ, ಅದೇ ವರ್ಷದ ನವೆಂಬರ್ 1ರಂದು ಅಮೆರಿಕದ ಸೈನ್ಯ ಕ್ಯೂಶೂ ದ್ವೀಪದ ದಕ್ಷಿಣ ಭಾಗದಲ್ಲಿ ಮಿಯಜಾಕಿ, ಶಿಬುಶಿ ಕೊಲ್ಲಿ ಮತ್ತು ಕುಶಿಕಿನೊ ಎಂಬ ಮೂರು ಕಡೆ ಕರಾವಳಿಗೆ ಇಳಿಯಬೇಕಿತ್ತು. 'ಒಲಿಂಪಿಕ್' ಎಂಬ ಗುಪ್ತನಾಮದ ಆ ದಾಳಿಯ ಬೆನ್ನಿಗೆ 1946ರ ಮಾರ್ಚ್ 1ರಂದು ಟೋಕಿಯೊ ಸುತ್ತಲಿನ ಕಾಂಟೊ ಬಯಲಿನ ಮೇಲೆ 'ಕಾರೊನೆಟ್' ಎಂಬ ಇನ್ನೂ ದೊಡ್ಡ ದಾಳಿ ನಡೆಯಬೇಕಿತ್ತು. ಎರಡೂ ಸೇರಿದ ಯೋಜನೆಗೆ 'ಡೌನ್‌ಫಾಲ್' ಎಂದು ಹೆಸರಿಟ್ಟಿದ್ದರು. ಅದು ಕಾಗದದ ಮೇಲೆಯೇ ಉಳಿಯಿತು. ಅದು ನಡೆದಿದ್ದರೆ ಆ ಸಮಾಜ ಮತ್ತೆ ಹೇಗೆ ಬದುಕು ಕಟ್ಟಿಕೊಳ್ಳುತ್ತಿತ್ತು ಎಂದು ಕಥೆಯಾಗಿಯೋ ಕಾದಂಬರಿಯಾಗಿಯೋ ಬರೆಯಬೇಕೆಂದಿರುವವರಿಗಾಗಿ ಈ ಬರಹ. ಈ ವಿಷಯಕ್ಕೆ ಕೈಹಾಕುವ ಹೆಚ್ಚಿನವರು ತಮ್ಮ ಶಕ್ತಿಯನ್ನೆಲ್ಲ ಹಡಗು, ವಿಮಾನ, ಕಂದಕಗಳ ವರ್ಣನೆಗೇ ಸುರಿದು, ಚೇತರಿಕೆಯನ್ನು ಕೊನೆಯ ಎರಡು ಪುಟಗಳಿಗೆ ತಳ್ಳಿಬಿಡುತ್ತಾರೆ. ಕಾದಾಟ ಕೆಲವು ತಿಂಗಳುಗಳದು, ಚೇತರಿಕೆ ಎರಡು ತಲೆಮಾರುಗಳದು. ಬರೆಯಬೇಕಾದ ಕಥೆ ಈ ಎರಡನೆಯದೇ ಎಂದು ನಾನು ನಂಬಿದ್ದೇನೆ.

ಕವಲು ಒಂದೇ ಇರಲಿ

ಇತಿಹಾಸ ಯಾವ ಗಳಿಗೆಯಲ್ಲಿ ಬೇರೆ ದಾರಿ ಹಿಡಿಯಿತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಆ ಗಳಿಗೆ ನಿಜವಾಗಿಯೂ ತೂಗುಯ್ಯಾಲೆಯಲ್ಲಿದ್ದ ಗಳಿಗೆಯೇ ಆಗಿರಬೇಕು. ಅಂಥದ್ದನ್ನು ಹುಡುಕಲು ದೂರ ಹೋಗಬೇಕಿಲ್ಲ. ಆಗಸ್ಟ್ 14ರ ರಾತ್ರಿ ಮೇಜರ್ ಹತಾನಾಕಾ ಕೆಂಜಿ ಮತ್ತು ಅವನ ಜೊತೆಗಾರರು ಅರಮನೆ ಕಾವಲು ಪಡೆಯ ದಂಡನಾಯಕನನ್ನು ಕೊಂದು, ಖೋಟಾ ಆಜ್ಞೆ ಹೊರಡಿಸಿ, ಅರಮನೆಯನ್ನು ವಶಪಡಿಸಿಕೊಂಡು, ಚಕ್ರವರ್ತಿಯ ಶರಣಾಗತಿ ಭಾಷಣ ಧ್ವನಿಮುದ್ರಿಸಿದ್ದ ಗ್ರಾಮಫೋನ್ ತಟ್ಟೆಗಳಿಗಾಗಿ ಕೋಣೆಕೋಣೆ ಜಾಲಾಡಿದರು. ತಟ್ಟೆಗಳು ಸಿಗಲಿಲ್ಲ, ಬೆಳಗಾಗುವಷ್ಟರಲ್ಲಿ ದಂಗೆ ಮುರಿದುಬಿತ್ತು. ಅವು ಸಿಕ್ಕಿದ್ದರೆ ಎಂಬ ಒಂದೇ ಊಹೆ ನಿಮ್ಮ ಕಥೆಗೆ ಸಾಕು. ಅದರ ಮೇಲೆ ಇನ್ನೊಂದು ಊಹೆ, ಮತ್ತೊಂದು ಆಕಸ್ಮಿಕ ಎಂದು ಪೇರಿಸುತ್ತ ಹೋದರೆ ಓದುಗರಿಗೆ ಯಾವುದರ ಮೇಲೂ ನಂಬಿಕೆ ಉಳಿಯುವುದಿಲ್ಲ.

ಕವಲನ್ನು ಆರಿಸಿದ ಮೇಲೆ ಅದಕ್ಕಿಂತ ಹಿಂದಿನದನ್ನೆಲ್ಲ ಇದ್ದದ್ದು ಇದ್ದಹಾಗೆಯೇ ಉಳಿಸಿಕೊಳ್ಳಬೇಕು. ಆಗಸ್ಟ್ 14ರ ರಾತ್ರಿಯನ್ನು ಹಿಡಿದವರ ಜಪಾನಿನಲ್ಲಿ ಹಿರೋಶಿಮಾ ಮತ್ತು ನಾಗಸಾಕಿ ಆಗಲೇ ಸುಟ್ಟಿವೆ, ಸೋವಿಯತ್ ಸೈನ್ಯ ಆಗಸ್ಟ್ 9ರಿಂದ ಮಂಚೂರಿಯದೊಳಗೆ ನುಗ್ಗುತ್ತಿದೆ, ಮಾರ್ಚ್ 10ರ ಒಂದೇ ರಾತ್ರಿಯ ವಿಮಾನದಾಳಿಯಲ್ಲಿ ಸುಮಾರು 1,00,000 ಜನರನ್ನು ಕಳೆದುಕೊಂಡ ಟೋಕಿಯೊ ಅರ್ಧ ಬೂದಿಯಾಗಿದೆ. ಚಕ್ರವರ್ತಿಯನ್ನು ಎಲ್ಲಿಗೆ ಸಾಗಿಸುತ್ತಾರೆ ಎಂಬ ಪ್ರಶ್ನೆಗೂ ಇತಿಹಾಸವೇ ಉತ್ತರ ಕೊಟ್ಟಿದೆ. ನಗಾನೊ ಪ್ರಾಂತ್ಯದ ಮಾತ್ಸುಶಿರೊದಲ್ಲಿ 1944ರ ನವೆಂಬರ್‌ನಿಂದ ಬೆಟ್ಟದೊಳಗೆ ಸುರಂಗ ಕೊರೆದು, ಸರ್ಕಾರ ಮತ್ತು ಸೇನೆಯ ಕೇಂದ್ರವನ್ನು ಅಲ್ಲಿಗೆ ಒಯ್ಯುವ ಸಿದ್ಧತೆ ನಡೆದಿತ್ತು. ಆ ಬಂಡೆಗಳನ್ನು ಒಡೆದವರಲ್ಲಿ ಬಹುಪಾಲು ಜನ ಕೊರಿಯಾದ ಕೂಲಿಗಳು. ಈ ಸಂಗತಿಯನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಉತ್ತರದ ಹೊಕ್ಕೈಡೊ ವಿಚಾರದಲ್ಲಿ ನಿರ್ಧಾರ ನಿಮ್ಮದು. ಸೋವಿಯತ್ ನಾಯಕ ಸ್ಟಾಲಿನ್ ಆಗಸ್ಟ್ 16ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್‌ಗೆ ಪತ್ರ ಬರೆದು, ಕುಶಿರೊದಿಂದ ರುಮೊಯಿವರೆಗೆ ಗೆರೆ ಎಳೆದು ಅದರ ಉತ್ತರದ ಭಾಗ ತನಗೆ ಬೇಕೆಂದು ಕೇಳಿದ್ದ. ಟ್ರೂಮನ್ ಎರಡು ದಿನಗಳಲ್ಲಿ ಒಪ್ಪುವುದಿಲ್ಲವೆಂದು ಉತ್ತರಿಸಿದ. ಯುದ್ಧ ಇನ್ನೊಂದು ವರ್ಷ ಎಳೆದಿದ್ದರೆ ಆ ಗೆರೆ ಬರಿಯ ಪತ್ರದಲ್ಲಿ ಉಳಿಯುತ್ತಿತ್ತೆ ಎಂಬುದು ಅನುಮಾನ. ಆದರೆ ದೇಶ ಇಬ್ಭಾಗವಾದ ಕಥೆಯನ್ನು ಆರಿಸಿಕೊಂಡರೆ ರಾಜಕೀಯವೇ ಇಡೀ ಪುಸ್ತಕವನ್ನು ನುಂಗಿಬಿಡುತ್ತದೆ. ಸಮಾಜದ ಕಥೆ ಬರೆಯುವವರು ಆ ಗೆರೆಯನ್ನು ದೂರದ ಸುದ್ದಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಓಕಿನಾವಾದಿಂದ ಕಲಿಯಿರಿ

ಈ ಕೈಪಿಡಿಯಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ನೆಲದ ಮೇಲೆ ದಾಳಿ ನಡೆದ ಜಪಾನನ್ನು ಶೂನ್ಯದಿಂದ ಊಹಿಸಬೇಕಾಗಿಲ್ಲ, ಅಂಥ ಜಪಾನ್ ಒಂದು ನಿಜವಾಗಿಯೂ ಇದೆ. 1945ರ ಏಪ್ರಿಲ್ 1ರಿಂದ ಜೂನ್ ಕೊನೆಯವರೆಗೆ, ಅಮೆರಿಕದ ಸೈನ್ಯ ಇಳಿದ ಜಪಾನಿನ ತೆಂಕಣ ದ್ವೀಪ ಓಕಿನಾವಾದಲ್ಲಿ ನಡೆದದ್ದು, ನೀವು ಕಾಗೊಶಿಮಾ ಅಥವಾ ಚಿಬಾ ಪ್ರಾಂತ್ಯದ ಮೇಲೆ ಕಲ್ಪಿಸಲು ಹೊರಟಿರುವುದೇ. ಅಲ್ಲಿನ ಜನರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಸತ್ತರು. ಸುಣ್ಣಕಲ್ಲಿನ ಗುಹೆಗಳಲ್ಲಿ ಅಡಗಿದ್ದ ಊರಿನವರನ್ನು ತಮ್ಮದೇ ಸೈನಿಕರು ಹೊರಗಟ್ಟಿದರು. ಓಕಿನಾವಾದ ನುಡಿಯಲ್ಲಿ ಮಾತಾಡಿದವರನ್ನು ಬೇಹುಗಾರರೆಂದು ಎಣಿಸಬೇಕೆಂಬ ಆಜ್ಞೆ ಸೇನೆಯಲ್ಲಿತ್ತು. ಯಾಯೆಯಾಮಾ ದ್ವೀಪಗಳಲ್ಲಂತೂ ದೊಡ್ಡ ಕಾಳಗವೇ ನಡೆಯದಿದ್ದರೂ, ಸೇನೆ ಜನರನ್ನು ಮಲೇರಿಯಾ ಹರಡಿದ್ದ ಕಾಡುಗಳಿಗೆ ಅಟ್ಟಿದ್ದರಿಂದ 3,000ಕ್ಕೂ ಹೆಚ್ಚು ಮಂದಿ ಜ್ವರದಲ್ಲಿ ತೀರಿಕೊಂಡರು. ಕ್ಯೂಶೂವಿನ ಹಳ್ಳಿಗರನ್ನು ಬೆಟ್ಟಗಳಿಗೆ ಕಳುಹಿಸುವ ಅಧ್ಯಾಯ ಬರೆಯುವಾಗ ಗುಂಡಿಗಿಂತ ಮೊದಲು ಜ್ವರ, ಭೇದಿ, ಚಳಿಗಳನ್ನು ನೆನೆಯಿರಿ.

ಚೇತರಿಕೆಯ ವಿಷಯದಲ್ಲಿಯೂ ಓಕಿನಾವಾ ಕಲಿಸುವುದು ಬಹಳ. ಮೊದಲನೆಯದಾಗಿ, ಯುದ್ಧ ಮುಗಿದ ಮೇಲೆ ಚೇತರಿಕೆ ಶುರುವಾಗುತ್ತದೆ ಎಂಬ ಎಣಿಕೆಯೇ ತಪ್ಪು. ದಕ್ಷಿಣದಲ್ಲಿ ಕದನ ಇನ್ನೂ ಉರಿಯುತ್ತಿದ್ದಾಗಲೇ ಇಶಿಕಾವಾದ ಶಿಬಿರದಲ್ಲಿ ಮಕ್ಕಳಿಗೆ ಶಾಲೆ ತೆರೆದಿತ್ತು. ಪುಸ್ತಕವಿಲ್ಲ, ಗೋಡೆಯಿಲ್ಲ, ಆದರೂ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಲು ಯಾರೋ ಮುಂದಾದರು. ನಿಮ್ಮ ಕಥೆಯಲ್ಲಿಯೂ ಹಾಗೆಯೇ ಆಗಬೇಕು. 'ಒಲಿಂಪಿಕ್' ಯೋಜನೆಯ ಗುರಿ ಕ್ಯೂಶೂವಿನ ದಕ್ಷಿಣದ ಮೂರನೇ ಒಂದು ಭಾಗವನ್ನು ಮಾತ್ರ ಹಿಡಿದು ಅಲ್ಲಿ ವಿಮಾನ ನೆಲೆಗಳನ್ನು ಕಟ್ಟುವುದಾಗಿತ್ತಾದ್ದರಿಂದ, ದ್ವೀಪದ ನಡುವೆ ತಿಂಗಳುಗಟ್ಟಲೆ ಒಂದು ರಣರೇಖೆ ಉಳಿಯುತ್ತದೆ. ಅದರ ತೆಂಕಣಕ್ಕೆ ಶಿಬಿರದ ಗಂಜಿ, ಶಾಲೆ, ಲಸಿಕೆ. ಬಡಗಣಕ್ಕೆ ಬಿದಿರಿನ ಈಟಿ, ಕಡ್ಡಾಯದ ಕವಾಯತು. ಅಕ್ಕ ಒಂದು ಕಡೆ, ತಮ್ಮ ಇನ್ನೊಂದು ಕಡೆ ಆದ ಕುಟುಂಬವೊಂದನ್ನು ಹಿಡಿದರೆ ಈ ಎರಡು ಕಾಲಗಳೂ ನಿಮ್ಮ ಕೈಗೆ ಸಿಗುತ್ತವೆ.

ಎರಡನೆಯದು, ಶಿಬಿರದಿಂದ ಮನೆಗೆ ಮರಳುವುದು ನೇರವಾದ ದಾರಿಯಲ್ಲ. ಓಕಿನಾವಾದಲ್ಲಿ ಸಾವಿರಾರು ಕುಟುಂಬಗಳು ತಿರುಗಿ ಬಂದಾಗ ಊರಿದ್ದ ಜಾಗದಲ್ಲಿ ಸೇನಾ ನೆಲೆಯ ತಂತಿಬೇಲಿ ಎದುರಾಯಿತು. 1946ರ ಏಪ್ರಿಲ್‌ವರೆಗೆ ಅಲ್ಲಿ ಹಣವೇ ಚಲಾವಣೆಯಲ್ಲಿರಲಿಲ್ಲ. ದುಡಿಮೆಗೆ ಕೂಲಿಯಿಲ್ಲ, ಊಟ ಮಾತ್ರ. ಅಮೆರಿಕನ್ ಉಗ್ರಾಣಗಳಿಂದ ಸದ್ದಿಲ್ಲದೆ ತಂದ ಡಬ್ಬಿ, ಬಟ್ಟೆ, ಸಿಗರೇಟುಗಳಿಗೆ ಜನ 'ಸೆಂಕಾ', ಅಂದರೆ ಯುದ್ಧದ ಗಳಿಕೆ, ಎಂದು ಹೆಸರಿಟ್ಟಿದ್ದರು. ಬಿದ್ದ ವಿಮಾನಗಳ ಲೋಹ ಕರಗಿಸಿ ಪಾತ್ರೆ ಎರೆದರು, ಖಾಲಿ ಬಾಟಲಿಗಳ ಗಾಜಿನಿಂದ ಲೋಟ ಮಾಡಿದರು, ಡಬ್ಬಿಗೆ ಕೋಲು ಸಿಕ್ಕಿಸಿ ಧುಮುಕುಕೊಡೆಯ ದಾರ ಬಿಗಿದು ಮೂರು ತಂತಿಯ ಸಂಶಿನ್ ವಾದ್ಯ ಕಟ್ಟಿಕೊಂಡರು. ನಾಹಾ ನಗರದೊಳಗೆ ಮರಳಲು ಮೊದಲು ಅನುಮತಿ ಸಿಕ್ಕವರಲ್ಲಿ ತ್ಸುಬೊಯಾದ ಕುಂಬಾರರೂ ಇದ್ದರು, ಏಕೆಂದರೆ ಉಣ್ಣಲು ಬಟ್ಟಲುಗಳೇ ಇರಲಿಲ್ಲ. ಹಂದಿ ಸಾಕಣೆ ಪೂರ್ತಿ ನಾಶವಾಗಿದ್ದ ಆ ದ್ವೀಪಕ್ಕೆ 1948ರಲ್ಲಿ ಹವಾಯಿಯಲ್ಲಿ ನೆಲಸಿದ್ದ ಓಕಿನಾವಾ ಮೂಲದವರು ಹಣ ಕೂಡಿಸಿ 550 ಹಂದಿಗಳನ್ನು ಹಡಗಿನಲ್ಲಿ ಕಳುಹಿಸಿದರು. ಯಾವ ಕುಶಲಕರ್ಮಿ ಊರಿಗೆ ಮೊದಲು ಮರಳುತ್ತಾನೆ, ಯಾವ ಪ್ರಾಣಿ ಮತ್ತೆ ಹೇಗೆ ಬರುತ್ತದೆ, ಹೊರದೇಶದಲ್ಲಿರುವ ಬಂಧುಗಳು ಏನನ್ನು ಕಳುಹಿಸುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡರೆ ನಿಮ್ಮ ಊರು ಉಸಿರಾಡತೊಡಗುತ್ತದೆ.

ಓಕಿನಾವಾದವರ ನೋವನ್ನು ಬರಿಯ ಕಚ್ಚಾ ಸಾಮಗ್ರಿಯಂತೆ ಎತ್ತಿಕೊಂಡು, ಕಥೆಯಲ್ಲಿ ಆ ದ್ವೀಪದ ಹೆಸರನ್ನೇ ಎತ್ತದಿರುವುದು ಅನ್ಯಾಯ. ನಿಮ್ಮ ಕ್ಯೂಶೂವಿಗೆ ಓಕಿನಾವಾದಿಂದ ಬಂದ ಒಬ್ಬ ಹೆಂಗಸಾದರೂ ಇರಲಿ. ಮುಂದೇನಾಗುತ್ತದೆ ಎಂದು ಬಲ್ಲವಳು ಅವಳೊಬ್ಬಳೇ.

ಭತ್ತದ ಪಂಚಾಂಗ ಹಾಕಿಕೊಳ್ಳಿ

ಕಾಳಗದ ದಿನಾಂಕಗಳ ಪಕ್ಕದಲ್ಲಿ ಬೇಸಾಯದ ದಿನಾಂಕಗಳನ್ನು ಬರೆದುಕೊಳ್ಳುವುದು ನನ್ನ ಮಟ್ಟಿಗೆ ಈ ಕೆಲಸದ ಅತ್ಯಂತ ಮುಖ್ಯ ಹಂತ. 1945ರ ಭತ್ತದ ಬೆಳೆ ದಾಳಿ ನಡೆದರೂ ನಡೆಯದಿದ್ದರೂ ಕೈಕೊಡುತ್ತಿತ್ತು. ದುಡಿಯುವ ಗಂಡಸರು ದಂಡಿನಲ್ಲಿದ್ದರು, ಗೊಬ್ಬರವಿರಲಿಲ್ಲ, ಬೇಸಿಗೆ ತಣ್ಣಗಿತ್ತು. ಸಾಲದೆಂಬಂತೆ ಸೆಪ್ಟೆಂಬರ್ 17ರಂದು ಮಕುರಜಾಕಿ ಚಂಡಮಾರುತ ಕಾಗೊಶಿಮಾದ ಮೇಲೆಯೇ ಅಪ್ಪಳಿಸಿ, ಹಿರೋಶಿಮಾವರೆಗೂ ಸಾಗಿ, 3,700ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆ ವರ್ಷದ ಫಸಲು ವಾಡಿಕೆಯ ಸುಮಾರು ಮೂರನೇ ಎರಡು ಪಾಲು ಮಾತ್ರ. ಜುಲೈನಲ್ಲಿಯೇ ವಯಸ್ಕರ ದಿನದ ಪಡಿತರವನ್ನು 330 ಗ್ರಾಂನಿಂದ 297 ಗ್ರಾಂಗೆ ಇಳಿಸಲಾಗಿತ್ತು, ಅದರಲ್ಲಿಯೂ ಅಕ್ಕಿಯ ಬದಲು ಗೆಣಸು, ಸೋಯಾ ಹಿಂಡಿ ಸೇರುತ್ತಿದ್ದವು.

ಈ ಸ್ಥಿತಿಯ ಮೇಲೆ ನವೆಂಬರ್ 1ರ ದಾಳಿಯನ್ನು ಇಟ್ಟು ನೋಡಿ. ದಕ್ಷಿಣ ಕ್ಯೂಶೂವಿನಲ್ಲಿ ಅದು ಕೊಯ್ಲು ಮುಗಿಯುತ್ತಿರುವ, ಗೆಣಸು ಅಗೆಯುತ್ತಿರುವ, ಗದ್ದೆಯಲ್ಲಿ ಚಳಿಗಾಲದ ಗೋಧಿ ಮತ್ತು ಬಾರ್ಲಿ ಬಿತ್ತಬೇಕಾದ ಹೊತ್ತು. ಬಿತ್ತನೆ ತಪ್ಪಿದರೆ ಮುಂದಿನ ಮೇ ತಿಂಗಳ ಅನ್ನವೂ ಹೋಯಿತು. ಇನ್ನು ಮಾರ್ಚ್ 1ಕ್ಕೆ ಕಾಂಟೊ ಬಯಲಿಗೆ ದಂಡು ಇಳಿದರೆ ಸಸಿಮಡಿ ಹಾಕುವವರಿಲ್ಲ, ಜೂನ್‌ನಲ್ಲಿ ನಾಟಿಯಿಲ್ಲ, ದೇಶದ ಅತಿ ದೊಡ್ಡ ಬಯಲಿನಲ್ಲಿ 1946ರ ಶರತ್ಕಾಲಕ್ಕೆ ಕೊಯ್ಯಲು ಏನೂ ಇರುವುದಿಲ್ಲ. ಬಿತ್ತನೆಯ ಕಾಳನ್ನು ಯಾರು ತಿಂದರು, ಯಾರು ಹಸಿದೂ ತಿನ್ನದೆ ಬಚ್ಚಿಟ್ಟರು ಎಂಬುದರ ಮೇಲೆಯೇ ಒಂದು ಹಳ್ಳಿಯ ಮುಂದಿನ ಮೂವತ್ತು ವರ್ಷಗಳ ನೆರೆಹೊರೆ ನಿಂತಿರುತ್ತದೆ.

ಅನ್ನ ಇರುವಲ್ಲಿಂದ ಇಲ್ಲದಲ್ಲಿಗೆ ಸಾಗುವ ದಾರಿಗಳನ್ನೂ ನಕ್ಷೆಯ ಮೇಲೆ ಗುರುತಿಸಿಕೊಳ್ಳಿ. ಹೊಕ್ಕೈಡೊ ಕಲ್ಲಿದ್ದಲನ್ನು ಹೊನ್ಶೂವಿಗೆ ದಾಟಿಸುತ್ತಿದ್ದ ಅಓಮೊರಿ–ಹಕೊದಾತೆ ದೋಣಿಗಳನ್ನು 1945ರ ಜುಲೈ 14 ಮತ್ತು 15ರ ವಿಮಾನದಾಳಿಗಳು ಬಹುಪಾಲು ಮುಳುಗಿಸಿದ್ದವು. ಶಿಮೊನೊಸೆಕಿ ಜಲಸಂಧಿ ಮತ್ತು ಬಂದರುಗಳ ತುಂಬ ಸಿಡಿಮದ್ದು ಹುದುಗಿತ್ತು. ನಿಜ ಇತಿಹಾಸದಲ್ಲಿಯೇ ಅದನ್ನು ತೆಗೆಯಲು ವರ್ಷಗಳು ಹಿಡಿದವು. 1942ರಲ್ಲಿ ತೆರೆದ ಕಾನ್ಮೊನ್ ರೈಲು ಸುರಂಗ ಕ್ಯೂಶೂವನ್ನು ಹೊನ್ಶೂವಿಗೆ ಕಟ್ಟಿದ ಹೊಕ್ಕುಳಬಳ್ಳಿ. ನಿಮ್ಮ ಕಥೆಯಲ್ಲಿ ಅದು ಉಳಿಯಿತೇ, ನೀರು ತುಂಬಿತೇ? ಉತ್ತರ ಕ್ಯೂಶೂವಿನ ಚಿಕುಹೊ ಗಣಿಗಳ ಕಲ್ಲಿದ್ದಲು ಹೊರಗೆ ಬರದಿದ್ದರೆ ರೈಲಿಲ್ಲ, ರಸಗೊಬ್ಬರವಿಲ್ಲ, ಉಕ್ಕಿಲ್ಲ. ನಿಜದ ಜಪಾನ್ 1946–47ರಲ್ಲಿ ಇದ್ದಬದ್ದ ಸಂಪನ್ಮೂಲವನ್ನೆಲ್ಲ ಮೊದಲು ಕಲ್ಲಿದ್ದಲು ಮತ್ತು ಉಕ್ಕಿಗೆ ಸುರಿಯಲು ತೀರ್ಮಾನಿಸಿದ್ದು ಈ ಕಾರಣಕ್ಕೇ.

ನಿಜ ಇತಿಹಾಸದ ಒಂದು ಚಿತ್ರವನ್ನು ಇದ್ದಹಾಗೆಯೇ ಎತ್ತಿಕೊಳ್ಳಲಾಗದು ಎಂಬುದನ್ನೂ ಇಲ್ಲಿ ಹೇಳಬೇಕು. ಯುದ್ಧಾನಂತರದ ಪಟ್ಟಣಿಗರು ರೈಲು ಹತ್ತಿ ಹಳ್ಳಿಗೆ ಹೋಗಿ, ಪೆಟ್ಟಿಗೆಯಲ್ಲಿದ್ದ ಕಿಮೊನೊಗಳನ್ನು ಒಂದೊಂದಾಗಿ ಕೊಟ್ಟು ಅಕ್ಕಿ, ಗೆಣಸು ತರುತ್ತಿದ್ದರು. ಕಳಲೆಯ ಸಿಪ್ಪೆಯನ್ನು ಒಂದೊಂದೇ ಸುಲಿಯುವ ಹಾಗೆ ಮೈಮೇಲಿನದನ್ನು ಕಳಚಿ ತಿನ್ನುವ ಈ ಬಾಳಿಗೆ ಅವರು 'ಕಳಲೆ ಬದುಕು' ಎಂದೇ ಹೆಸರಿಟ್ಟಿದ್ದರು. ಆ ವ್ಯಾಪಾರ ನಡೆಯಬೇಕಾದರೆ ಹಳ್ಳಿಗಳು ಉಳಿದಿರಬೇಕು. ಟ್ಯಾಂಕುಗಳು ಹಾದುಹೋದ ಕಾಂಟೊದಲ್ಲಿ ಹಳ್ಳಿಯೇ ಸುಟ್ಟಿರುವಾಗ ಪಟ್ಟಣಿಗನಿಗೆ ಹೋಗಲು ಎಡೆಯಿಲ್ಲ. ಹಾಗಾಗಿ ನಿಮ್ಮ ಜಪಾನಿನಲ್ಲಿ ಸಂಪತ್ತು ಜಪಾನ್ ಸಮುದ್ರದ ಬದಿಯ ನೀಗಾತಾ, ತೊಯಾಮಾ, ಯಮಾಗಾತಾಗಳ ಕಡೆಗೆ ಹರಿಯುತ್ತದೆ. ದೇಶದ ಭಾರವೇ ಆ ಹಿಮದ ನಾಡಿಗೆ ವಾಲುತ್ತದೆ. ಬಹುಶಃ ರಾಜಧಾನಿಯೂ.

ಭೂಮಿ ತನ್ನ ಲೆಕ್ಕ ಬಿಡುವುದಿಲ್ಲ

ರಾಜಕೀಯ ಬದಲಾದರೂ ಭೂಕಂಪಗಳು ಬದಲಾಗುವುದಿಲ್ಲ. 1946ರ ಮಾರ್ಚ್‌ನಲ್ಲಿ ಕಾಗೊಶಿಮಾ ಕೊಲ್ಲಿಯ ಸಕುರಾಜಿಮಾ ಜ್ವಾಲಾಮುಖಿ ಲಾವಾ ಉಗುಳಿತು. ನಿಮ್ಮ ಕಥೆಯಲ್ಲಿ ಆಗ ಆ ಕೊಲ್ಲಿಯ ಸುತ್ತ ವಿದೇಶಿ ದಂಡು ಬೀಡುಬಿಟ್ಟಿರುತ್ತದೆ, ಶಿಬಿರದ ಡೇರೆಗಳ ಮೇಲೆ ಬೂದಿ ಸುರಿಯುತ್ತದೆ. ಅದೇ ವರ್ಷದ ಡಿಸೆಂಬರ್ 21ರ ನಸುಕಿನಲ್ಲಿ ನಾನ್‌ಕಾಯ್ ಭೂಕಂಪ ಮತ್ತು ಸುನಾಮಿ ಶಿಕೊಕು, ವಕಯಾಮಾ ಕರಾವಳಿಯಲ್ಲಿ 1,300ಕ್ಕೂ ಹೆಚ್ಚು ಜನರನ್ನು ಕೊಂದವು. 1948ರ ಜೂನ್ 28ರಂದು ಫುಕುಯಿ ನಗರ ಕುಸಿದು 3,700ಕ್ಕೂ ಹೆಚ್ಚು ಮಂದಿ ಸತ್ತರು. 1947ರ ಸೆಪ್ಟೆಂಬರ್‌ನಲ್ಲಿ ಕ್ಯಾಥ್ಲೀನ್ ಚಂಡಮಾರುತ ತೊನೆ ನದಿಯ ಏರಿ ಒಡೆದು ನೀರನ್ನು ಟೋಕಿಯೊವರೆಗೆ ತಂದಿತು. ಗಾಳಿಮಳೆಯ ದಿನವನ್ನು ಬೇಕಾದರೆ ಹಿಂದೆಮುಂದೆ ಮಾಡಿ, ಭೂಕಂಪದ ದಿನವನ್ನು ಮಾತ್ರ ಮುಟ್ಟಬೇಡಿ.

ಹೆಸರು, ಹೊಲ, ಮೂಳೆ

ಸಮಾಜ ಮತ್ತೆ ಕೂಡಿಕೊಳ್ಳುವುದು ಕಾಗದದ ಮೇಲೆ. ಜಪಾನಿನಲ್ಲಿ ಪ್ರತಿ ಕುಟುಂಬದ ಹುಟ್ಟು, ಮದುವೆ, ದತ್ತು, ಸಾವುಗಳನ್ನು 'ಕೊಸೆಕಿ' ಎಂಬ ನೋಂದಣಿ ಪುಸ್ತಕದಲ್ಲಿ ದಾಖಲಿಸುತ್ತಾರೆ. ಓಕಿನಾವಾದ ಮುಖ್ಯ ದ್ವೀಪದಲ್ಲಿ ಇವು ಯುದ್ಧದಲ್ಲಿ ಸುಟ್ಟುಹೋದವು, ಜಮೀನಿನ ದಾಖಲೆಗಳೂ ಹೋದವು. ಬದುಕುಳಿದವರ ನೆನಪು ಮತ್ತು ನೆರೆಯವರ ಸಾಕ್ಷಿಯನ್ನು ಆಧರಿಸಿ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಯಿತು. ಇದರೊಳಗೆ ಎಷ್ಟು ಕಥೆಗಳಿವೆ ಎಂಬುದನ್ನು ನಮ್ಮ ಕಡೆಯ ಪಹಣಿ ತಕರಾರುಗಳನ್ನು ಕಂಡ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಗಡಿಕಲ್ಲು ಬಾಂಬಿನ ಹೊಂಡದೊಳಗೆ ಹೋಗಿರುತ್ತದೆ. ಗೇಣಿದಾರ ಬದುಕಿದ್ದಾನೆ, ಒಡೆಯನ ಮನೆತನದಲ್ಲಿ ಒಂದು ಮಗು ಮಾತ್ರ ಉಳಿದಿದೆ, ಸಾಕ್ಷಿ ಹೇಳಬೇಕಾದ ಮುದುಕಿಗೆ ಇಬ್ಬರೂ ಬೇಕಾದವರು. ನಿಜ ಇತಿಹಾಸದಲ್ಲಿ 1946ರ ಅಕ್ಟೋಬರ್‌ನ ಭೂಸುಧಾರಣಾ ಕಾನೂನು ಗೇಣಿ ಜಮೀನಿನ ಪಾಲನ್ನು ಶೇಕಡಾ 46ರ ಸುಮಾರಿನಿಂದ ಶೇಕಡಾ 10ರಷ್ಟಕ್ಕೆ ಇಳಿಸಿತು. ಕಟ್ಟುನಿಟ್ಟಾದ ದಾಖಲೆಗಳು ಇದ್ದುದರಿಂದಲೇ ಅದು ಅಷ್ಟು ಬೇಗ ಸಾಧ್ಯವಾಯಿತು. ದಾಖಲೆಯಿಲ್ಲದ ನಾಡಿನಲ್ಲಿ ಅದೇ ಸುಧಾರಣೆ ಹೇಗೆ ನಡೆಯುತ್ತದೆ ಎಂಬುದನ್ನು ನೀವೇ ಕಟ್ಟಬೇಕು.

ಕಾಣೆಯಾದವರ ಹುಡುಕಾಟಕ್ಕೆ ಜಪಾನಿನ ರೇಡಿಯೊ 1946ರಿಂದ 1962ರವರೆಗೆ 'ತಜುನೆಬಿತೊ' ಎಂಬ ಕಾರ್ಯಕ್ರಮ ನಡೆಸಿತು. ಇಂಥ ಊರಿನ ಇಂಥವರು ಎಲ್ಲಿದ್ದರೂ ತಿಳಿಸಿ ಎಂದು ದನಿಯ ಏರಿಳಿತವಿಲ್ಲದೆ ಓದುತ್ತ ಹೋಗುವ ಆ ಪಟ್ಟಿ ಹದಿನಾರು ವರ್ಷ ನಿಲ್ಲಲಿಲ್ಲ. 1948ರ ಸರ್ಕಾರಿ ಎಣಿಕೆಯಲ್ಲಿ ಅನಾಥ ಮಕ್ಕಳು 1,23,511. ದಾಳಿ ನಡೆಯದ ಜಪಾನಿನ ಲೆಕ್ಕವಿದು. ನಿಮ್ಮ ಕಥೆಯಲ್ಲಿ ಬೆಟ್ಟದ ದೇವಾಲಯಗಳಿಗೆ ಶಾಲೆಯ ಜೊತೆ ಕಳುಹಿಸಿದ್ದ ಟೋಕಿಯೊದ ಮಕ್ಕಳನ್ನು ಕರೆದೊಯ್ಯಲು ಯಾರೂ ಬರುವುದಿಲ್ಲ. ಮುಂದಿನ ಜಪಾನನ್ನು ಆಳುವವರು ಅವರೇ.

ಮೂಳೆಗಳ ವಿಷಯವನ್ನು ಅವಸರದಲ್ಲಿ ಮುಗಿಸಬೇಡಿ. ಓಕಿನಾವಾದ ದಕ್ಷಿಣ ತುದಿಗೆ ನೆಲೆಗೊಳಿಸಿದ ಮವಾಶಿ ಹಳ್ಳಿಯವರು ಹೊಲ ಉಳುವ ಮುನ್ನ ಅಲ್ಲಿ ಹರಡಿದ್ದ ಅಸ್ಥಿಗಳನ್ನು ಆಯಬೇಕಾಯಿತು. ಯಾರವು, ಯಾವ ಪಕ್ಷದವು ಎಂದು ವಿಂಗಡಿಸದೆ ಕೂಡಿಸಿ 1946ರಲ್ಲಿಯೇ 'ಕೊನ್‌ಪಾಕು ನೊ ತೊ' ಎಂಬ ಸ್ಮಾರಕ ಕಟ್ಟಿದರು. ಸತ್ತವರಿಗೆ ಸಲ್ಲಬೇಕಾದ ಕ್ರಿಯೆ ನಡೆಯದೆ ಜಪಾನಿನ ಮನೆಯೊಂದು ನೆಮ್ಮದಿ ಕಾಣದು. ಅಸ್ಥಿ ಸಿಗದ ಸೈನಿಕರ ಮನೆಗೆ ಬಂದ ಬಿಳಿ ಪೆಟ್ಟಿಗೆಗಳಲ್ಲಿ ಕೆಲವೊಮ್ಮೆ ಕಲ್ಲೊಂದು ಮಾತ್ರ ಇರುತ್ತಿತ್ತು.

ಯಾರನ್ನು ನಡುವೆ ನಿಲ್ಲಿಸಬೇಕು

1945ರ ಜೂನ್‌ನ ಕಾನೂನು 15ರಿಂದ 60 ವರ್ಷದ ಗಂಡಸರನ್ನೂ 17ರಿಂದ 40 ವರ್ಷದ ಹೆಂಗಸರನ್ನೂ ಕಾದಾಟದ ಪಡೆಗೆ ಸೇರಿಸಬಹುದೆಂದು ಹೇಳಿತ್ತು. ಹಾಗೆ ಸೇರಿದವರಲ್ಲಿ ಬದುಕುಳಿದವರ ಮನಸ್ಸು ಕೈಸೋತು ಮನೆಗೆ ಮರಳಿದ ಸೈನಿಕರ ಮನಸ್ಸಿನಂಥದಲ್ಲ. ಹದಿಹರೆಯದ ಮಗನ ಕೈಗೆ ಈಟಿ ಕೊಟ್ಟ ಶಾಲಾ ಮೇಷ್ಟ್ರು ಮತ್ತು ಆ ಮಗನ ತಾಯಿ ಒಂದೇ ಪಡಿತರದ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಅಂಥ ಸಾಲನ್ನು ಬರೆಯಬಲ್ಲವರು ಈ ಕಾದಂಬರಿಯನ್ನು ಬರೆಯಬಲ್ಲರು.

ಮಾತ್ಸುಶಿರೊದ ಸುರಂಗ ಕೊರೆದವರನ್ನು ಈಗ ಕರೆತನ್ನಿ. ಯುದ್ಧದ ಕೊನೆಗೆ ಜಪಾನಿನಲ್ಲಿ ಸುಮಾರು 20 ಲಕ್ಷ ಕೊರಿಯನ್ನರಿದ್ದರು. 1923ರ ಕಾಂಟೊ ಭೂಕಂಪದ ನಂತರ ಬರಿಯ ಗಾಳಿಸುದ್ದಿಯಿಂದ ಸಾವಿರಾರು ಕೊರಿಯನ್ನರನ್ನು ಕೊಂದ ನೆನಪು ಎಲ್ಲರಲ್ಲಿಯೂ ಹಸಿಯಾಗಿತ್ತು. ದಾಳಿಯ ಸಮಯದಲ್ಲಿ ಅಂಥ ಗಾಳಿಸುದ್ದಿ ಮತ್ತೆ ಎದ್ದರೆ? ಯುದ್ಧ ಎಳೆದ ಪ್ರತಿ ತಿಂಗಳೂ ಚೀನಾ ಮತ್ತು ಆಗ್ನೇಯ ಏಷ್ಯಾದಲ್ಲಿ ಜಪಾನಿ ಸೇನೆಯ ಕೈಕೆಳಗಿದ್ದ ಜನ ಸಾಯುತ್ತಿದ್ದರು ಎಂಬುದನ್ನೂ ಕಥೆ ಮರೆಯಕೂಡದು. ಜಪಾನ್ ನೊಂದದ್ದನ್ನು ಮಾತ್ರ ಬರೆದು ನೋಯಿಸಿದ್ದನ್ನು ಬಿಟ್ಟ ಕಥೆ ಅರೆಸುಳ್ಳು.

ಆಕ್ರಮಿತ ಜಪಾನಿನಲ್ಲಿ ಭಾರತೀಯರಿಗೂ ಜಾಗವಿದೆ, ಅದನ್ನು ತುರುಕಬೇಕಾಗಿಯೂ ಇಲ್ಲ. 1946ರಲ್ಲಿ ಕಾಮನ್‌ವೆಲ್ತ್ ಪಡೆಯ ಭಾಗವಾಗಿ ಜಪಾನಿಗೆ ಹೋದ 268ನೇ ಭಾರತೀಯ ಕಾಲಾಳು ಬ್ರಿಗೇಡಿನ ನಾಯಕರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಟೋಕಿಯೊದ ಮಕ್ಕಳು ಆನೆ ಬೇಕೆಂದು ಕೇಳಿಕೊಂಡಾಗ ನೆಹರೂ 1949ರಲ್ಲಿ ಉಎನೊ ಮೃಗಾಲಯಕ್ಕೆ ಕಳುಹಿಸಿದ ಇಂದಿರಾ ಎಂಬ ಆನೆ ಮೈಸೂರು ಸೀಮೆಯದು. ಯುದ್ಧಕಾಲದಲ್ಲಿ ಅಲ್ಲಿನ ಆನೆಗಳನ್ನು ಉಪವಾಸ ಕೆಡವಿ ಕೊಂದಿದ್ದರು. ನಿಮ್ಮ ಟೋಕಿಯೊದಲ್ಲಿ 1949ಕ್ಕೆ ಆನೆಗೆ ಹಾಕಲು ಹುಲ್ಲಿರುತ್ತದೆಯೇ, ನೋಡಲು ಮಕ್ಕಳಿರುತ್ತಾರೆಯೇ ಎಂದು ಕೇಳಿಕೊಂಡರೆ ನಿಮ್ಮ ಚೇತರಿಕೆ ಎಲ್ಲಿಗೆ ಬಂದಿದೆ ಎಂಬುದು ತಿಳಿಯುತ್ತದೆ.

ಅಂಕಿಗಳು ಮತ್ತು ಮುಕ್ತಾಯ

ದಾಳಿಯಲ್ಲಿ ಎಷ್ಟು ಜನ ಸಾಯುತ್ತಿದ್ದರು ಎಂಬುದಕ್ಕೆ ಆಗಿನ ಅಮೆರಿಕನ್ ಅಧಿಕಾರಿಗಳ ಅಂದಾಜುಗಳೇ ಒಂದಕ್ಕೊಂದು ತಾಳೆಯಾಗುವುದಿಲ್ಲ. ಹಾಗಾಗಿ ನಿರೂಪಕನ ಬಾಯಲ್ಲಿ ಒಟ್ಟು ಸಾವಿನ ಸಂಖ್ಯೆಯನ್ನು ಹೇಳಿಸಬೇಡಿ. ಪಾತ್ರಗಳಿಗೂ ಅದು ಗೊತ್ತಿರುವುದಿಲ್ಲ. ಅವರಿಗೆ ತಮ್ಮ ಕೇರಿಯ ಲೆಕ್ಕ ಗೊತ್ತು, ಅದನ್ನು ಬೆರಳೆಣಿಸಿ ಹೇಳಲಿ. ನಿಜವಾದ ಪ್ರಾಂತ್ಯದೊಳಗೆ ಕಲ್ಪಿತ ಹಳ್ಳಿಯೊಂದನ್ನು ಕಟ್ಟಿಕೊಳ್ಳಿ. ಇಂದಿಗೂ ಅಲ್ಲಿ ಬಾಳುತ್ತಿರುವ ನಿಜ ಕುಟುಂಬಗಳನ್ನು ಕಥೆಗಾಗಿ ಸಾಯಿಸುವುದು ಸಲ್ಲದು.

ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ಕೊನೆಯ ಪ್ರಶ್ನೆ. ನಿಜದ ಜಪಾನಿನ ಸರ್ಕಾರ 1956ರಲ್ಲಿ 'ಇನ್ನಿದು ಯುದ್ಧಾನಂತರ ಕಾಲವಲ್ಲ' ಎಂದು ತನ್ನ ಆರ್ಥಿಕ ವರದಿಯಲ್ಲಿ ಸಾರಿತು. 1964ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಅದೇ ಹೊತ್ತಿನಲ್ಲಿ ಓಕಿನಾವಾದವರು ಇನ್ನೂ ಅಮೆರಿಕದ ಆಡಳಿತದಲ್ಲಿದ್ದು ಡಾಲರಿನಲ್ಲಿ ವ್ಯವಹರಿಸುತ್ತಿದ್ದರು. ಆ ದ್ವೀಪ ಜಪಾನಿಗೆ ಮರಳಿದ್ದು 1972ರ ಮೇ 15ರಂದು. ದಾಳಿಗೊಳಗಾದ ನಾಡಿನ ಗಡಿಯಾರ ಎಷ್ಟು ಹಿಂದೆ ಓಡುತ್ತದೆ ಎಂಬುದಕ್ಕೆ ಈ ಅಂತರವೇ ಅಳತೆ. ನಿಮ್ಮ ಕೊನೆಯ ಅಧ್ಯಾಯವನ್ನು 1964ರ ಕಾಗೊಶಿಮಾದಲ್ಲಿ ಇಟ್ಟರೆ, ಅಲ್ಲಿ ಕ್ರೀಡಾಂಗಣದ ಬದಲು ವಿಮಾನ ನೆಲೆಯ ಬೇಲಿ ಇರಲಿ, ಬೇಲಿಯಾಚೆಗಿನ ಅಜ್ಜನ ಗದ್ದೆಯನ್ನು ಬೆರಳು ಮಾಡಿ ತೋರಿಸುವ ಹೆಂಗಸೊಬ್ಬಳು ಇರಲಿ, ನೇಗಿಲಿಗೆ ಏನೋ ತಗಲಿದ ಸದ್ದಾದೊಡನೆ ಎತ್ತುಗಳನ್ನು ನಿಲ್ಲಿಸಿ, ಮಂಡಿಯೂರಿ, ಬರಿಗೈಯಿಂದ ಮಣ್ಣು ಸರಿಸಿ, ಸಿಕ್ಕಿದ್ದು ಗುಂಡೋ ಮೂಳೆಯೋ ಎಂದು ನೋಡುವ ಅವಳ ಗಂಡನೂ ಇರಲಿ.